ಅರ್ಧ ಸುತ್ತು ಸ್ಕ್ರೂ

ಚರ್ರ್!

ಬಾಣ ಚೌಕಟ್ಟಿಗೆ ಅಂಟಿಸಿದ್ದ ಪೇಪರ್ ಹರಿದುಕೊಂಡು ಹೋಗಿ ಹಿಂದಿದ್ದ ಹುಲ್ಲಿನ ಕಂತೆಗೆ ಚುಚ್ಚಿಕೊಂಡಿತು. ಸುಷ್ಮಾ ಓಡಿಹೋಗಿ ನೋಡಿದಳು. ಪೇಪರಿನಲ್ಲಿ ಹೆಬ್ಬೆರಳುದ್ದದ ಹರಕು.

"ಬಾಣ ನೆಟ್ಟಗೆ ಹೋದ್ರೆ ಒಂದೇ ದುಂಡನೆ ತೂತು. ಬಾಲ ಅಲ್ಲಾಡಿಸ್ಕೊಂಡು ಹೋದ್ರೆ ಹಿಂಗೆ ಹರಿಯುತ್ತೆ" ಅಂತ ಕೋಚ್ ಉಜ್ಜನಪ್ಪ ಸರ್ ಹೇಳಿಕೊಟ್ಟಿದ್ದರು.

ಭದ್ರಾವತಿಯ ಆ ಮೈದಾನದಲ್ಲಿ ಮಕ್ಕಳ ಅಳತೆಯ ಕಾಂಪೌಂಡ್ ಬಿಲ್ಲು ಇದ್ದದ್ದು ಒಂದೇ. ಎರಡೂ ತುದಿಗೆ ಗಾಲಿ ಇದ್ದ ಆ ಬಿಲ್ಲನ್ನು ಸುಷ್ಮಾ, ಅಮೂಲ್ಯ ಇಬ್ಬರೂ ಸರದಿ ಮೇಲೆ ಹಿಡಿಯುತ್ತಿದ್ದರು. ನಾಳೆ ಭಾನುವಾರ ಶಿವಮೊಗ್ಗದಲ್ಲಿ ಸೆಲೆಕ್ಷನ್. ಹದಿನಾಲ್ಕು ವರ್ಷದೊಳಗಿನವರಿಗೆ ಮಾತ್ರ. ಅಮೂಲ್ಯಳಿಗೆ ಇದೇ ಕೊನೇ ಸಲ.

"ಈ ಬಿಲ್ಲೇ ಸರಿ ಇಲ್ಲ!" ಸುಷ್ಮಾಗೆ ಅಳು ಬಂತು.

ಸರ್ ಟೀ ಕುಡಿಯಲು ಹೋಗಿದ್ದರು. ಅವಳು ಡಬ್ಬಿಯಿಂದ ಕೀ ತೆಗೆದು, ಬಾಣ ಕೂರುವ ರೆಸ್ಟಿನ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ, ರೆಸ್ಟನ್ನು ಚೂರೇ ಚೂರು ಪಕ್ಕಕ್ಕೆ ಸರಿಸಿ ಬಿಗಿ ಮಾಡಿದಳು. ಮತ್ತೊಂದು ಬಾಣ ಬಿಟ್ಟಳು. ಹರಕು ಸ್ವಲ್ಪ ಚಿಕ್ಕದಾಗಿತ್ತು. ಸಾಕು ಅನ್ನಿಸಿತು. ಯಾರಿಗೂ ಹೇಳಲಿಲ್ಲ.

ಮಾರನೇ ದಿನ ಸೆಲೆಕ್ಷನ್ನಿನಲ್ಲಿ ಸುಷ್ಮಾ ಎಂದಿನಂತೆ ಹಿಂದೆ ಉಳಿದಳು. ಆದರೆ ಅಮೂಲ್ಯಳ ಬಾಣಗಳೂ ಬಾಲ ಆಡಿಸುತ್ತಾ ಎಲ್ಲೆಲ್ಲೋ ಬಿದ್ದವು. ಎರಡು ಬಾಣ ಬೋರ್ಡಿಗೇ ತಾಗಲಿಲ್ಲ.

"ಹೆದರ್ಕೊಂಡಿದಾಳೆ ಪಾಪ" ಅಂದರು ಸರ್.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮೂಲ್ಯ ತನ್ನ ಎಡಗೈಯನ್ನೇ ನೋಡುತ್ತಾ ಕೂತಿದ್ದಳು. "ನನ್ನ ಕೈಯೇ ಕೆಟ್ಟೋಗಿದೆ ಮಾರಾಯ್ತಿ. ಇನ್ನು ನಾನು ಬರಲ್ಲ."

ತಾನು ತಿರುಗಿಸಿದ ಸ್ಕ್ರೂ ನೆನಪಾಗಿ ಸುಷ್ಮಾ ಕಿಟಕಿಯ ಕಡೆ ತಿರುಗಿದಳು. ಭದ್ರಾವತಿ ಬರುವ ತನಕ ಹೊರಗೇ ನೋಡುತ್ತಾ ಕೂತಳು.

ಸೋಮವಾರ ಅಮೂಲ್ಯ ಬಂದದ್ದು ತೋಳಿಗೆ ಕಟ್ಟುವ ಆರ್ಮ್ ಗಾರ್ಡ್ ವಾಪಸ್ ಕೊಡಲು.

"ಒಂದ್ಸಲ ಪೇಪರ್ ಮೇಲೆ ಬಿಡು ಪುಟ್ಟಿ" ಅಂದರು ಸರ್.

ಅವಳು ಮೂರು ಬಾಣ ಬಿಟ್ಟಳು. ಮೂರು ಹರಕೂ ಒಂದೇ ಕಡೆಗಿದ್ದವು. ಸರ್ ಬಗ್ಗಿ ನೋಡಿದರು. "ಅಯ್ಯೋ, ರೆಸ್ಟ್ ಸರಿದುಬಿಟ್ಟಿದೆ!" ಅದನ್ನು ಜಾಗಕ್ಕೆ ತಂದು ಕೊಟ್ಟರು. ಅಮೂಲ್ಯ ಮತ್ತೆ ಬಿಟ್ಟಳು. ಟಪ್. ಒಂದೇ ದುಂಡನೆ ತೂತು.

"ಈಗ ನೀನು, ಸುಷ್ಮಾ."

ಮೊದಲ ಹರಕು ಎಡಕ್ಕೆ. ಎರಡನೆಯದು ಬಲಕ್ಕೆ. ಮೂರನೆಯದು ಮತ್ತೆ ಎಡಕ್ಕೆ.

"ಬಿಲ್ಲಿನ ತಪ್ಪಾದ್ರೆ ಒಂದೇ ಕಡೆ ಹರೀಬೇಕಿತ್ತು. ನೀನು ಗ್ರಿಪ್ ಬಿಗಿಯಾಗಿ ಹಿಡಿದು ತಿರುಚ್ತಿದೀಯ ಕಣಮ್ಮ. ಸಡಿಲ ಬಿಡು" ಅಂದರು ಸರ್.

ಸುಷ್ಮಾ ಬಿಲ್ಲು ಕೆಳಗಿಟ್ಟಳು.

"ಸರ್... ರೆಸ್ಟ್ ತಾನಾಗೇ ಸರಿದಿದ್ದಲ್ಲ. ಶನಿವಾರ ನಾನೇ ಸರಿಸಿದ್ದು."

ಸರ್ ಕೀಯನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು. ಅಮೂಲ್ಯ ಬಯ್ಯುತ್ತಾಳೆ, ಹೊಡೆದರೂ ಹೊಡೆದಾಳು ಅಂತ ಸುಷ್ಮಾ ಕಾದಳು. ಅಮೂಲ್ಯ ಮೆಲ್ಲಗೆ ಕೇಳಿದಳು: "ಹಂಗಾದ್ರೆ... ನನ್ನ ಕೈ ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು ಕಣೇ."

ಅಷ್ಟು ಕೇಳಿ ಅಮೂಲ್ಯ ಅಳತೊಡಗಿದಳು. ಭಾನುವಾರ ಒಂದು ಹನಿ ಕಣ್ಣೀರೂ ಹಾಕದವಳು ಈಗ ಬಿಕ್ಕಿ ಬಿಕ್ಕಿ ಅತ್ತಳು. 'ಸಾರಿ' ಅನ್ನೋದು ಸುಷ್ಮಾಳ ಬಾಯಿ ತನಕ ಬಂದು ನಿಂತಿತು. ಅದು ತೀರಾ ಚಿಕ್ಕ ಮಾತು ಅನ್ನಿಸಿತು. ಅಮೂಲ್ಯಳ ಅಳು ನಿಲ್ಲುವ ತನಕ ಅವಳು ಅಲ್ಲಿಂದ ಕದಲಲಿಲ್ಲ.