ಹೊರಬೀಡಿನ ಮಂಗಳವಾರ

ದಿನಾಂಕ 12-5-1981, ಮಂಗಳವಾರ. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಠಾಣೆಯ ಅಂಗಳದಲ್ಲಿ ಸೈಕಲ್ಲೊಂದು ಬಿದ್ದ ಸದ್ದಾಯಿತು. ಅದನ್ನು ಗೋಡೆಗೆ ಒರಗಿಸುವಷ್ಟು ವ್ಯವಧಾನವೂ ಸವಾರನಿಗೆ ಇರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಚನ್ನರಾಯಪ್ಪನವರು ಊಟದ ಡಬ್ಬಿ ತೆರೆಯುತ್ತಿದ್ದವರು ಮತ್ತೆ ಮುಚ್ಚಳ ಹಾಕಿದರು. ಒಳಗೆ ಬಂದವನು ಮೂವತ್ತರ ಆಸುಪಾಸಿನ ರೈತ. ಹೊಸ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಮಗು ಕಾಣಿಸ್ತಿಲ್ಲ ಸಾರ್."

"ಕೂತ್ಕೊಳ್ಳಪ್ಪ. ಹೆಸರು?"

"ಸುಬ್ಬರಾಯಪ್ಪ. ತಾಯಲೂರು ಪಕ್ಕ ನೇರಳೆಕುಂಟೆ. ಮಗ ಮುನಿಕೃಷ್ಣ, ಕಿಟ್ಟಿ ಅಂತೀವಿ. ಐದು ವರ್ಷ."

"ಎಲ್ಲಿಂದ ಕಾಣೆಯಾದ?"

"ಮಾವಿನ ತೋಪಿಂದ. ಇವತ್ತು ನಮ್ಮೂರ ಹೊರಬೀಡು ಸಾರ್."

ಮೂಲೆಯಲ್ಲಿ ಬರೆಯುತ್ತಿದ್ದ ಕಾನ್‌ಸ್ಟೇಬಲ್ ಕದಿರೇಶ ತಲೆಯೆತ್ತಿದ. ಅವನು ಗಣಿ ಕಾಲೊನಿಯಲ್ಲಿ ಹುಟ್ಟಿ ಬೆಳೆದವನು, ಹಳ್ಳಿಯ ಕಟ್ಟಳೆಗಳೆಲ್ಲ ಅವನಿಗೆ ಹೊಸದು. ಚನ್ನರಾಯಪ್ಪನವರೇ ಹೇಳಿದರು: ಬೇಸಿಗೆಯಲ್ಲಿ ಒಂದು ಮಂಗಳವಾರ ಇಡೀ ಊರು ಒಲೆ ಆರಿಸಿ, ದನ, ಕೋಳಿ, ಹಸುಗೂಸು ಸಮೇತ ಹೊರಗೆ ಹೋಗಬೇಕು. ನೆಂಟರನ್ನೂ ಕರೆದುಕೊಂಡು ತೋಪಿನಲ್ಲಿ ಅಡುಗೆ, ಆಟ, ಉಯ್ಯಾಲೆ. ಸೂರ್ಯ ಮುಳುಗುವವರೆಗೆ ಊರಮ್ಮ ಒಬ್ಬಳೇ ಬೀದಿಯಲ್ಲಿ ಓಡಾಡುತ್ತಾಳೆ. ಬೀದಿಯ ಬಾಯಿಗೆ ಮುಳ್ಳು ಎಳೆಯುತ್ತಾರೆ. ಬಾಗಿಲಿಗೆ ಬೀಗ ಹಾಕುವಂತಿಲ್ಲ, ತಿರುಗಿ ನೋಡುವಂತಿಲ್ಲ.

"ಅಂದ್ರೆ ಪಿಕ್‌ನಿಕ್ ಸಾರ್."

"ಹೂಂ. ದೇವರ ಹೆಸರಲ್ಲಿ ಪಿಕ್‌ನಿಕ್." ಅವರು ಸುಬ್ಬರಾಯಪ್ಪನ ಕಡೆ ತಿರುಗಿದರು. "ಮಗುವಿನ ತಾಯಿ?"

"ಹೆರಿಗೇಲಿ ಹೋದ್ಲು. ಅಶ್ವತ್ಥಮ್ಮ ಅಂತ. ಈ ಮಾಘದಲ್ಲಿ ನಂಗೆ ಇನ್ನೊಂದು ಮದುವೆ ಆಯ್ತು."

"ಅಲ್ಲೀವರೆಗೂ ಮಗೂನ ಸಾಕಿದ್ದು ಯಾರು?"

"ನಮ್ಮನೆಯೋರೇ," ಎಂದ ಸುಬ್ಬರಾಯಪ್ಪ. ಉತ್ತರ ಸ್ವಲ್ಪ ತಡವಾಗಿ ಬಂತು. ಚನ್ನರಾಯಪ್ಪನವರು ಅದನ್ನು ಗಮನಿಸಿದರು. ಆದರೆ ಕೇಳುವ ಹೊತ್ತು ಅದಾಗಿರಲಿಲ್ಲ. ಎಫ್‌ಐಆರ್ ಬರೆಸಿ ಸಹಿ ಹಾಕಿಸಿಕೊಂಡು, ಸೈಕಲ್ಲನ್ನು ಅಲ್ಲೇ ಬಿಡಿಸಿ, ಅವನನ್ನು ಜೀಪಿಗೆ ಹತ್ತಿಸಿದರು.

ತೋಪಿನಲ್ಲಿ ಎರಡು ಗಂಟೆಯ ಬಿಸಿಲು ಎಲೆಗಳ ನಡುವೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ಮಾಲೂರಿನಿಂದ, ಶ್ರೀನಿವಾಸಪುರದಿಂದ ಬಂದ ನೆಂಟರು ಚಾಪೆಗಳ ಮೇಲೆ ಗುಂಪು ಗುಂಪಾಗಿ ಕೂತಿದ್ದರು. ಚೌಕಾಬಾರದ ಕವಡೆ ಹಾಕಿದ್ದು ಹಾಕಿದಂತೆಯೇ ಬಿದ್ದಿದ್ದವು. ಯಾರೋ ಟ್ರಾನ್ಸಿಸ್ಟರ್ ನಿಲ್ಲಿಸಿದ್ದರು. ಬುಟ್ಟಿಯ ತುಂಬ ಮುದ್ದೆ ಆರುತ್ತಿದ್ದವು, ಹಂಡೆಯಲ್ಲಿ ಕೋಳಿಸಾರು ಮುಟ್ಟುವವರಿಲ್ಲದೆ ಕೆನೆಗಟ್ಟಿತ್ತು.

ದೊಡ್ಡ ಮರದ ಉಯ್ಯಾಲೆಯ ಹಗ್ಗ ಹಿಡಿದು ಒಬ್ಬಳು ನಿಂತಿದ್ದಳು. ಇಪ್ಪತ್ತು ದಾಟಿರಲಾರದು. ಸುಬ್ಬರಾಯಪ್ಪನ ಹೊಸ ಹೆಂಡತಿ ಗಂಗರತ್ನಮ್ಮ.

"ಕಡೇಗೆ ಮಗೂನ ನೋಡಿದ್ದು ನೀವೇನಾ?"

"ನಾನೇ ಸಾರ್. ಇಲ್ಲಿ ಕೂರಿಸಿದ್ದೆ. ಹಪ್ಪಳ ಕರಿಯೋಕೆ ಕರೆದ್ರು, ಹೋದೆ. ಬಂದು ನೋಡ್ತೀನಿ, ಉಯ್ಯಾಲೆ ಇನ್ನೂ ಆಡ್ತಿತ್ತು. ಅವನಿಲ್ಲ."

"ಕೂಗಿದ್ರಾ?"

"ಕೂಗಿದೆ." ಅವಳು ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದಳು. "ನಾನು ಕೂಗಿದ್ರೆ ಅವನು ಓಗೊಡಲ್ಲ ಸಾರ್. ಯಾವತ್ತೂ ಓಗೊಟ್ಟಿಲ್ಲ."

ಮೊದಲು ಬಾವಿ. ತೋಪಿನ ಅಂಚಿನಲ್ಲಿದ್ದ ಆ ಬಾವಿಗೆ ಕಟ್ಟೆ ಇರಲಿಲ್ಲ. ಈಜು ಬಲ್ಲ ಇಬ್ಬರು ಮುಳುಗಿ ಎದ್ದರು, ತಳ ಸಿಗಲಿಲ್ಲ. ಆಮೇಲೆ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಕೊಕ್ಕೆಗಳು ಕಲ್ಲಿಗೆ ತಾಗುವ ಸದ್ದು ಮೇಲಕ್ಕೆ ಬರುತ್ತಿತ್ತು. ಮೂರನೆಯ ಸಲ ಏನೋ ಸಿಕ್ಕಿ ಹಗ್ಗ ಭಾರವಾಯಿತು. ಹೆಂಗಸರ ಗುಂಪಿನಿಂದ ಕಿಟ್ಟಿಯ ಅಜ್ಜಿ ದೊಡ್ಡವೆಂಕಟಮ್ಮ "ಅಯ್ಯೋ ದೇವುಡಾ!" ಎಂದು ನೆಲಕ್ಕೆ ಕುಸಿದಳು. ಸುಬ್ಬರಾಯಪ್ಪ ಮುಖ ತಿರುಗಿಸಿದ. ಗಂಗರತ್ನಮ್ಮ ಮಾತ್ರ ಬಾವಿಯ ಅಂಚಿನವರೆಗೂ ಬಂದು ಬಗ್ಗಿ ನೋಡಿದಳು.

ಮೇಲೆ ಬಂದದ್ದು ತೂತುಬಿದ್ದ ಹಿತ್ತಾಳೆ ಕೊಡ.

"ನಮ್ಮ ಆಂಜಿನಮ್ಮನ ಕೊಡ ಕಣ್ರೋ ಇದು, ಹೋದ್ವರ್ಷ ಬಿದ್ದಿದ್ದು," ಎಂದರು ಯಾರೋ. ಯಾರೂ ನಗಲಿಲ್ಲ.

ಮೂರೂವರೆಗೆ ಕದಿರೇಶ ತಾಯಲೂರು ರಸ್ತೆಯಿಂದ ಐಸ್‌ಕ್ಯಾಂಡಿ ಮಾರುವವನನ್ನು ಸೈಕಲ್ ಸಮೇತ ಹಿಡಿದು ತಂದ. ಬೆಳಗಿನಿಂದ ತೋಪಿನಲ್ಲಿದ್ದವರಲ್ಲಿ ಊರವನೂ ನೆಂಟನೂ ಅಲ್ಲದವನು ಅವನೊಬ್ಬನೇ. ಮಗು ಕದ್ದವನು ಸಿಕ್ಕಿದ ಎಂದು ನಾಲ್ಕು ಜನ ತೋಳು ಏರಿಸಿಕೊಂಡು ಬಂದರು. ಚನ್ನರಾಯಪ್ಪನವರು ಅವನನ್ನು ಜೀಪಿನ ಹಿಂದಕ್ಕೆ ಕರೆದೊಯ್ದರು.

"ಆ ಮಗೂಗೆ ಕ್ಯಾಂಡಿ ಕೊಟ್ಟಿದ್ದೆಯಾ?"

"ನಾನು ಕೊಡಲಿಲ್ಲ ಸಾರ್, ಒಂದು ಹೆಂಗಸು ಕೊಡಿಸಿದ್ಲು. ಆ ಹೊಂಗೆ ಮರದತ್ರ ನಿಂತಿದ್ಲು, ಸೆರಗು ಹೊದ್ಕೊಂಡಿದ್ಲು. ಹುಡುಗ ಓಡ್ಬಂದು ಅವಳ ಕಾಲು ತಬ್ಬಿಕೊಂಡ. ಆಮೇಲೆ ಕೈ ಹಿಡ್ಕೊಂಡು ಹೋದ್ರು."

"ಹುಡುಗ ಅತ್ನಾ?"

"ಅಳೋದಾ? ಕುಣೀತಾ ಹೋದ ಸಾರ್."

"ಯಾವ ಕಡೆ?"

ಅವನು ಹೊಂಗೆ ಮರದ ಆಚೆಗೆ ಕೈ ತೋರಿಸಿದ. ಹಿಂದೆಯೇ ಬಂದು ನಿಂತಿದ್ದ ಊರ ಹಿರಿಯ ದೊಡ್ಡನಾರಾಯಣಪ್ಪ, ಕಿಟ್ಟಿಯ ಅಜ್ಜ, ತಲೆಯಾಡಿಸಿದರು. "ಆ ಕಡೆ ಏನೂ ಇಲ್ಲ ಸ್ವಾಮಿ."

ಮಗು ಅತ್ತಿಲ್ಲ, ಕುಣಿಯುತ್ತ ಹೋಗಿದೆ. ಠಾಣೆಯಲ್ಲಿ ಬಿಟ್ಟಿದ್ದ ಪ್ರಶ್ನೆ ಚನ್ನರಾಯಪ್ಪನವರಿಗೆ ನೆನಪಾಯಿತು. ಅದನ್ನು ಈ ಸಲ ದೊಡ್ಡವೆಂಕಟಮ್ಮನಿಗೆ ಕೇಳಿದರು.

"ಅಜ್ಜಿ, ಮಗೂನ ಹುಟ್ಟಿದಾಗಿಂದ ಸಾಕಿದ್ದು ಯಾರು?"

ಮುದುಕಿ ಮಗನ ಮುಖ ನೋಡಿದಳು. ಮಗ ನೆಲ ನೋಡಿದ.

"ಶ್ಯಾಮಲ, ನಾಯನಾ. ಸತ್ತೋಳ ಅಕ್ಕ. ಆವನಿಯೋಳು. ಮದುವೆ ಆದ ವರ್ಷವೇ ಗಂಡನ್ನ ಕಳ್ಕೊಂಡು ತೌರಲ್ಲಿದ್ಲು. ತಂಗಿ ಬಾಣಂತನಕ್ಕೆ ಅಂತ ಬಂದೋಳು ಐದು ವರ್ಷ ನಮ್ಮನೇಲೇ ಇದ್ಲು. ಮಗು ಅವಳನ್ನೇ ಅಮ್ಮ ಅಂತಿತ್ತು. ಹೊಸ ಸೊಸೆ ಬರ್ತಾಳೆ, ಗಂಡ ಇಲ್ಲದ, ವಯಸ್ಸಿನ ಹುಡುಗಿ ಮನೇಲಿದ್ರೆ ಜನ ಏನಂತಾರೆ? ಒಂದು ಸೀರೆ ಕೊಟ್ಟು ಕಳಿಸಿದ್ವಿ."

"ಆಮೇಲೆ ಬಂದಿದ್ಲಾ?"

"ಯುಗಾದಿಗೆ ಬಂದಿದ್ಲು," ಎಂದ ಸುಬ್ಬರಾಯಪ್ಪ. "ಬಾಗಿಲಿಂದಲೇ ಕಳಿಸ್ದೆ. ಮಗು ಮರೀಲಿ ಅಂತ ಸಾರ್. ನೋಡ್ತಾ ಇದ್ರೆ ಹೆಂಗೆ ಮರೀತಾನೆ?"

ಗಂಗರತ್ನಮ್ಮ ಈ ಮಾತನ್ನು ಮೊದಲ ಸಲ ಕೇಳುತ್ತಿದ್ದಂತೆ ಗಂಡನನ್ನು ನೋಡಿದಳು.

ಜೀಪು ಆವನಿಗೆ ಹೋಗಿ ಬಂತು. ಶ್ಯಾಮಲಮ್ಮ ಬೆಳಿಗ್ಗೆಯೇ ಮನೆ ಬಿಟ್ಟಿದ್ದಳು. ತಾಯಲೂರಿನ ಬಸ್ ಸ್ಟ್ಯಾಂಡಿನಲ್ಲಿ ಅಂಥ ಹೆಂಗಸನ್ನೂ ಮಗುವನ್ನೂ ಯಾರೂ ಕಂಡಿರಲಿಲ್ಲ. ಕೆರೆ ಅಂಗಳ, ಹಿಪ್ಪುನೇರಳೆ ತೋಟ, ಪಂಪಿನ ಮನೆ, ಗುಡ್ಡದ ಬಂಡೆ ಸಂದು, ಎಲ್ಲ ಹುಡುಕಿ ಆಗಿತ್ತು. ಐದು ಗಂಟೆಗೆ ಚನ್ನರಾಯಪ್ಪನವರು ಒಂದು ಬೇರಿನ ಮೇಲೆ ಕೂತು, ಹುಡುಕಿದ ಜಾಗಗಳನ್ನೆಲ್ಲ ಕದಿರೇಶನಿಗೆ ಹೇಳಿ ಬರೆಸಿದರು.

"ಸುತ್ತಮುತ್ತ ಎಲ್ಲ ಆಯ್ತಲ್ಲಯ್ಯ?"

"ಊರು ಬಿಟ್ಟು ಸಾರ್."

"ಏನು?"

"ಕ್ಯಾಂಡಿಯವನು ಕೈ ತೋರಿಸಿದ ಕಡೆ ಊರಿದೆಯಲ್ಲ ಸಾರ್, ನೇರಳೆಕುಂಟೆ."

"ಇವತ್ತು ಊರಿಲ್ಲ ಕಣಪ್ಪ," ಎಂದರು ದೊಡ್ಡನಾರಾಯಣಪ್ಪ, ಮಗುವಿಗೆ ಬುದ್ಧಿ ಹೇಳುವ ದನಿಯಲ್ಲಿ.

ಚನ್ನರಾಯಪ್ಪನವರು ಕ್ಯಾಲನೂರು ಕಡೆಯವರು. ಚಿಕ್ಕಂದಿನಲ್ಲಿ ತಾಯಿಯ ಸೆರಗು ಹಿಡಿದು, ಹಿಂದೆ ನೋಡಿದರೆ ಕಣ್ಣು ಹೋಗುತ್ತದೆಂದು ಕತ್ತು ಬಿಗಿಹಿಡಿದುಕೊಂಡು ಊರಾಚೆ ನಡೆದವರು. ಮಧ್ಯಾಹ್ನದಿಂದ ತಾವು ನಿಂತದ್ದು, ಕೂತದ್ದು, ಪ್ರಶ್ನೆ ಕೇಳಿದ್ದು ಎಲ್ಲವೂ ಊರಿಗೆ ಬೆನ್ನು ಹಾಕಿಯೇ ಎಂದು ಈಗ ಹೊಳೆಯಿತು. ಎದ್ದು ತಿರುಗಿದರು. ಕೂಗಳತೆಯಲ್ಲೇ ಹೆಂಚಿನ ಮಾಡುಗಳು. ಅವುಗಳ ನಡುವೆ, ಒಲೆಯೆಲ್ಲ ಆರಿರಬೇಕಾದ ಆ ಊರಿನಿಂದ, ಒಂದೆಳೆ ಹೊಗೆ ಏಳುತ್ತಿತ್ತು.

"ಅಜ್ಜಿ, ಆ ಹೊಗೆ ನೋಡಿದ್ರಾ?"

ದೊಡ್ಡವೆಂಕಟಮ್ಮ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು. "ಆಗಲೇ ನೋಡ್ದೆ ನಾಯನಾ. ಊರಮ್ಮ ಅಡುಗೆ ಮಾಡ್ಕೋತಿದಾಳೆ ಅನ್ಕೊಂಡೆ. ಹೇಳಬಾರದು."

ಮುಳ್ಳಿನ ಹತ್ತಿರ ದೊಡ್ಡನಾರಾಯಣಪ್ಪ ಅಡ್ಡ ನಿಂತರು. "ಹೊತ್ತು ಮುಳುಗಲಿ ಸ್ವಾಮಿ. ನಮ್ಮ ಮೊಮ್ಮಗನೇ ಇರಬಹುದು. ಆದ್ರೂ ಊರಿನ ಗತಿ?"

"ಊರಿನ ಗತಿ ಬಗ್ಗೆ ನೀವು ಊರಮ್ಮನ ಹತ್ರ ಮಾತಾಡ್ಕೊಳ್ಳಿ ಯಜಮಾನರೇ. ಮಗೂದು ನನ್ನ ಕೆಲಸ," ಎಂದ ಚನ್ನರಾಯಪ್ಪನವರು ಬೂಟು ಬಿಚ್ಚಿ ಪಕ್ಕಕ್ಕಿಟ್ಟು ಮುಳ್ಳು ದಾಟಿದರು. ಊರವರಾರೂ ಒಳಗೆ ಕಾಲಿಡಲು ಒಪ್ಪಲಿಲ್ಲ. ಪಂಚನಾಮೆಗೆ ಪಂಚರು ಬೇಕಲ್ಲ. ಕದಿರೇಶನ ಜೊತೆ ಐಸ್‌ಕ್ಯಾಂಡಿಯವನೂ ಮಾಲೂರಿನ ನೆಂಟನೊಬ್ಬನೂ ಬಂದರು.

ಬೀದಿಯಲ್ಲಿ ಕೋಳಿಯೂ ಇರಲಿಲ್ಲ. ಸುಬ್ಬರಾಯಪ್ಪನ ಮನೆಯ ಬಾಗಿಲು ತಳ್ಳಿದಾಗ ಒಳಗಿನಿಂದ ಜಿನುಗು ಮಳೆಯಂಥ ಸದ್ದು ಕೇಳಿಸಿತು. ರೇಷ್ಮೆಹುಳುಗಳನ್ನು ಮಾತ್ರ ಹೊರಬೀಡಿಗೆ ಒಯ್ಯುವಂತಿಲ್ಲ. ತಟ್ಟೆಗಳ ತುಂಬ ಅವು ಸೊಪ್ಪು ಮೇಯುತ್ತಿದ್ದವು. ಸೊಪ್ಪು ಹಸಿಯಾಗಿತ್ತು, ಮಧ್ಯಾಹ್ನ ಯಾರೋ ಹಾಕಿದ್ದು.

ಅಡುಗೆಮನೆಯಲ್ಲಿ, ಒಲೆಯ ಪಕ್ಕ, ಅವಳು ಗೋಡೆಗೆ ಒರಗಿ ಕೂತಿದ್ದಳು. ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸು. ತೊಡೆಯ ಮೇಲೆ ಹುಡುಗ ನಿದ್ದೆ ಹೋಗಿದ್ದ. ತುಟಿಯ ಮೇಲೆ ಕ್ಯಾಂಡಿಯ ಕೆಂಪು ಒಣಗಿತ್ತು. ತಟ್ಟೆಯಲ್ಲಿ ಎರಡು ತುತ್ತು ಅನ್ನ, ತುಪ್ಪ, ಹುರಿಗಡಲೆಯ ಪಪ್ಪುಲ ಪುಡಿ ಉಳಿದಿತ್ತು.

"ಮೆಲ್ಲಗೆ ಸಾರ್," ಎಂದಳು.

ಚನ್ನರಾಯಪ್ಪನವರು ಹೊಸ್ತಿಲ ಈಚೆ ಕೂತರು. ದನಿ ತಗ್ಗಿಸಿದರು. "ಶ್ಯಾಮಲಮ್ಮ ನೀವೇನಾ?"

"ಹೂಂ."

"ಯಾವಾಗ ಬಂದ್ರಿ?"

"ಬೆಳಗ್ಗೆ ಎಲ್ಲರೂ ಆಚೆ ಹೋದ್ಮೇಲೆ. ಹಿತ್ತಿಲ ಓಣಿಯಿಂದ."

"ಭಯ ಆಗಲಿಲ್ವಾ? ಊರಮ್ಮ ಓಡಾಡೋ ದಿನ."

"ಅವಳೂ ಒಬ್ಬಳೇ ಅಲ್ವಾ ಸಾರ್."

"ಮಗೂನ ಯಾಕೆ ಕರ್ಕೊಂಡು ಬಂದ್ರಿ?"

"ಒಂದು ಊಟ ಹಾಕೋಣ ಅಂತ. ಎಲ್ಲರೂ ಆಚೆ ಇರೋ ದಿನ ಇದೊಂದೇ. ಮಾಘದಲ್ಲಿ ಇವನು ಮಲಗಿದ್ದಾಗ ನನ್ನ ಬಸ್ಸು ಹತ್ತಿಸಿದ್ರು. ಹೇಳಿ ಹೋಗೋಕೂ ಬಿಡಲಿಲ್ಲ. ಎದ್ದು ಹುಡುಕಿರ್ತಾನೆ."

ಅವಳ ಪಕ್ಕದಲ್ಲಿ ಒಂದು ಬಟ್ಟೆಗಂಟು ಇತ್ತು. ಕದಿರೇಶ ಬಿಚ್ಚಿದ. ಹುಡುಗನ ಎರಡು ಅಂಗಿ, ಒಂದು ಚಡ್ಡಿ, ಮರದ ಬುಗುರಿ. ಆ ಗಂಟು ಪಂಚನಾಮೆಯಲ್ಲಿ ಬರಲೇಬೇಕು. ಬಂದರೆ ಮಗುವನ್ನು ಒಯ್ಯುವ ಉದ್ದೇಶಕ್ಕೆ ಅದೇ ಸಾಕ್ಷಿ, ಇಡೀ ಕೇಸು ಅದರ ಮೇಲೆಯೇ ನಿಲ್ಲುತ್ತದೆ. ಚನ್ನರಾಯಪ್ಪನವರು ತಮ್ಮ ಕೆಲಸದಲ್ಲಿ ಅಪರೂಪಕ್ಕೆ ಮಾಡುವ ಒಂದು ಕೆಲಸ ಮಾಡಿದರು. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಟ್ಟರು.

"ಸಂಜೆ ಮಗೂನ ವಾಪಸ್ಸು ಬಿಡ್ತಿದ್ರಿ, ಅಲ್ವೇನಮ್ಮ?"

ಅವಳು ಅರ್ಥ ಮಾಡಿಕೊಂಡಳು. ಒಂದು ಗಳಿಗೆ ಅವರ ಮುಖವನ್ನೇ ನೋಡಿದಳು.

"ಬರೋವಾಗ ಹಂಗೇ ಅನ್ಕೊಂಡಿದ್ದೆ ಸಾರ್. ಉಂಡು, ತೊಡೆ ಮೇಲೆ ಮಲಗಿದ್ಮೇಲೆ ಆಗಲಿಲ್ಲ. ಗಂಟು ಕಟ್ಟಿದೆ. ಸುಳ್ಳು ಹೇಳಲ್ಲ."

"ಮತ್ತೆ ಹೋಗಲಿಲ್ಲ ಯಾಕೆ? ಎಷ್ಟೊಂದು ಹೊತ್ತಿತ್ತು."

"ನಿದ್ದೆ ಮಾಡ್ತಿದ್ನಲ್ಲ. ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಈ ಸಲನಾದ್ರೂ ಅವನು ಎದ್ದಾಗ ನಾನು ಇಲ್ಲೇ ಇರಬೇಕು ಅನ್ನಿಸ್ತು."

ಕದಿರೇಶ ಪೆನ್ನು ಹಿಡಿದು ಕಾಯುತ್ತಿದ್ದ. ಚನ್ನರಾಯಪ್ಪನವರು ಹುಳು ಮನೆಯಿಂದ ಪಂಚನಾಮೆ ಶುರು ಮಾಡಿಸಿದರು. ಕಿಟಕಿ, ಬಾಗಿಲು, ಒಲೆಯ ದಿಕ್ಕು, ಪಾತ್ರೆಗಳು. ಅಷ್ಟು ನಿಧಾನವಾಗಿ ಅವರು ಹಿಂದೆಂದೂ ಬರೆಸಿರಲಿಲ್ಲ. ಅದು ಮುಗಿಯುವ ಹೊತ್ತಿಗೆ ಹುಡುಗ ತಾನಾಗಿಯೇ ಕಣ್ಣು ಬಿಟ್ಟ. ಖಾಕಿ ಅವನಿಗೆ ಕಾಣಲೇ ಇಲ್ಲ.

"ಅಮ್ಮಾ, ಇಲ್ಲೇ ಇದ್ದೀಯಾ?"

"ಇಲ್ಲೇ ಇದೀನಿ ಕಣೋ."

ಸಂಜೆ ಆರೂಕಾಲಿಗೆ ಬಂಧನವಾಯಿತು. ಹೊರಡುವ ಮುಂಚೆ ಅವಳು ಒಂದು ನಿಮಿಷ ಕೇಳಿಕೊಂಡು, ಒಲೆಗೆ ನೀರು ಚಿಮುಕಿಸಿ ಕೆಂಡ ಆರಿಸಿದಳು. "ಇವತ್ತು ಊರಲ್ಲಿ ಬೆಂಕಿ ಇರಬಾರದು ಸಾರ್," ಎಂದಳು.

ಮುಳ್ಳಿನಾಚೆ ಹುಡುಗನನ್ನು ತಂದೆಯ ಕೈಗೆ ಕೊಟ್ಟಾಗ ಅವನು ಅತ್ತ ಅಳು ತೋಪಿನ ಕೊನೆಯವರೆಗೂ ಕೇಳಿಸಿತು. ಮಧ್ಯಾಹ್ನವೆಲ್ಲ ಶ್ಯಾಮಲಮ್ಮನನ್ನು ಬೈದಿದ್ದ ಹೆಂಗಸರು ದಾರಿ ಬಿಟ್ಟು ನಿಂತರು. ದೊಡ್ಡನಾರಾಯಣಪ್ಪ ಮೊಮ್ಮಗನ ತಲೆ ಸವರಿ, ಕಣ್ಣೊರೆಸಿಕೊಂಡು, ಊರಿಗೆ ಕೇಳುವಂತೆ ಹೇಳಿದರು: "ಒಲೆ ಉರಿದಿದೆ, ಬೀದಿ ತುಳಿದಾಗಿದೆ. ಈ ಹೊರಬೀಡು ಲೆಕ್ಕಕ್ಕಿಲ್ಲ. ಬರೋ ಮಂಗಳವಾರ ಮತ್ತೆ ಹೊರಡಬೇಕು."

ಜಾಮೀನು ಸಿಗುವ ಕೇಸು. ಆದರೆ ಜಾಮೀನಿಗೆ ನಿಲ್ಲಬೇಕಾದ ಶ್ಯಾಮಲಮ್ಮನ ಅಣ್ಣ ಆವನಿಯಿಂದ ಬೆಳಿಗ್ಗೆಯ ಬಸ್ಸಿಗೇ ಬರಬೇಕಿತ್ತು. ಆ ರಾತ್ರಿ ಆಸ್ಪತ್ರೆಯ ಆಯಾ ಮುನಿಶಾಮಮ್ಮನನ್ನು ಕರೆಸಿ ಠಾಣೆಯಲ್ಲಿ ಅವಳ ಜೊತೆಗಿರಿಸಿದರು. ಬೆಳಿಗ್ಗೆ ಚನ್ನರಾಯಪ್ಪನವರು ಕೇಸ್ ಡೈರಿ ಬರೆದರು. ಕಾನೂನಿನ ಪ್ರಕಾರ ಬರೆಯಲೇಬೇಕಾದ ವಾಕ್ಯ ಒಂದೇ: 'ಆರೋಪಿಯು ಮಗುವಿನ ತಾಯಿಯಲ್ಲ.' ತಾಯಿಯಾಗಿದ್ದರೆ ಇದು ಅಪರಾಧವೇ ಆಗುತ್ತಿರಲಿಲ್ಲ. ಐದು ವರ್ಷ ಎತ್ತಿ ಆಡಿಸಿದವಳಿಗೆ ಹೇಳಿ ಹೋಗಲು ಐದು ನಿಮಿಷ ಕೊಟ್ಟಿದ್ದರೂ ಬಹುಶಃ ಆಗುತ್ತಿರಲಿಲ್ಲ. ಅದನ್ನು ಬರೆಯಲು ಯಾವ ಕಾಲಮ್ಮೂ ಇರಲಿಲ್ಲ.

ಅಣ್ಣನಿಗಿಂತ ಮೊದಲು ಬಂದವಳು ಗಂಗರತ್ನಮ್ಮ. ಒಬ್ಬಳೇ ಬಂದಿದ್ದಳು. ಸುಬ್ಬರಾಯಪ್ಪ ಬಿಟ್ಟುಹೋಗಿದ್ದ ಸೈಕಲ್ಲಿನ ಪಕ್ಕ ಸ್ವಲ್ಪ ಹೊತ್ತು ನಿಂತು ಒಳಗೆ ಬಂದಳು.

"ಅಕ್ಕಾ," ಎಂದಳು, ಬೆಂಚಿನ ಮೇಲಿದ್ದ ಶ್ಯಾಮಲಮ್ಮನಿಗೆ. "ಕಿಟ್ಟಿ ರಾತ್ರಿಯಿಂದ ಉಂಡಿಲ್ಲ. ನಿನ್ನೆ ತಟ್ಟೇಲಿ ಇತ್ತಲ್ಲ, ಆ ಪುಡಿ ಹೆಂಗೆ ಮಾಡ್ತೀರಾ?"

ಶ್ಯಾಮಲಮ್ಮ ಬೆಂಚಿನ ಮೇಲೆ ಸರಿದು ಅವಳಿಗೆ ಜಾಗ ಮಾಡಿದಳು. "ಹುರಿಗಡಲೆ, ಒಣಕೊಬ್ಬರಿ, ಎರಡೇ ಮೆಣಸಿನಕಾಯಿ. ಬೆಳ್ಳುಳ್ಳಿ ಹಾಕಬೇಡ, ಅವನಿಗಾಗಲ್ಲ. ತುತ್ತು ಕೊಡೋವಾಗ ಉಣ್ಣು ಉಣ್ಣು ಅನ್ನಬೇಡ. ಬೇರೆ ಏನಾದ್ರೂ ಮಾತಾಡ್ತಾ ಇರು."

"ನಂಗೆ ಬರಲ್ಲ ಅಕ್ಕ. ಒಂದ್ಸಲ ನೀವೇ ತೋರಿಸಿಕೊಡಿ."

ಇಬ್ಬರೂ ಮೇಜಿನ ಕಡೆ ನೋಡಿದರು. ಚನ್ನರಾಯಪ್ಪನವರು ಬರೆಯುತ್ತಿದ್ದ ಕಾಗದದಿಂದ ತಲೆಯೆತ್ತಲಿಲ್ಲ.

"ಕೇಸು ಮುಗಿಯೋವರೆಗೂ ಶ್ಯಾಮಲಮ್ಮ ನೇರಳೆಕುಂಟೆ ಊರೊಳಕ್ಕೆ ಕಾಲಿಡಬಾರದು," ಎಂದರು. ಆಮೇಲೆ ಪುಟ ತಿರುವಿ, "ಬರೋ ಮಂಗಳವಾರ ಮತ್ತೆ ಹೊರಬೀಡು. ತೋಪು ಊರಾಚೆಗಿದೆ," ಎಂದರು.