ಗಾಳಿ ಎಳೆಯುವ ಪಂಪು

"ನೀರಾಗ ಗುಳ್ಳಿ ನಿಂತ ಕೂಡ್ಲೆ ಹೇಳ್ರಿ."

ಪಂಪು ರಿಪೇರಿಗೆ ಬಂದವನ ಮಾತಿಗೆ ಗುರುಬಸಮ್ಮ ಬೆಚ್ಚಿದಳು. ಹೊರಗಿನವರೊಬ್ಬರು ತನ್ನ ಮುಖ ನೋಡಿ ಮಾತಾಡಿ ಎಷ್ಟು ಕಾಲವಾಗಿತ್ತು...

ಗಂಡ ತೀರಿಕೊಂಡ ಮೇಲೆ ಅಣ್ಣ ತಿಪ್ಪೇರುದ್ರಪ್ಪ ಅವಳನ್ನು ಸಿರುಗುಪ್ಪದಿಂದ ಬಳ್ಳಾರಿಯ ತನ್ನ ಬಂಗಲೆಗೆ ಕರೆತಂದಿದ್ದ. ಊಟ, ಬಟ್ಟೆಗೆ ಕೊರತೆಯಿರಲಿಲ್ಲ. ಆದರೆ ಗೇಟು ದಾಟುವಂತಿರಲಿಲ್ಲ; ಜನ ಆಡಿಕೊಳ್ಳುತ್ತಾರೆ ಎನ್ನುತ್ತಿದ್ದ. ಹಗಲೆಲ್ಲ ಅವಳು ಹಿತ್ತಲಿನ ಈಜುಕೊಳದ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಸುತ್ತಲೂ ಎತ್ತರದ ಗೋಡೆ. ಉಸಿರು ಕಟ್ಟಿದಂತಾಗುತ್ತಿತ್ತು.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಆ ಬೇಸಿಗೆಯಲ್ಲಿ ಕೊಳದ ಪಂಪು ಗಾಳಿ ಎಳೆಯತೊಡಗಿತು. ಕುರುಗೋಡಿನ ಮೆಕ್ಯಾನಿಕ್ ಉಜ್ಜಿನಪ್ಪ ಬಂದು, ಪೈಪಿನ ಒಂದೊಂದೇ ಜಾಯಿಂಟಿನ ಮೇಲೆ ನೀರು ಸುರಿಯುತ್ತಾ ಹೋದ. ಸಂದಿಯಿದ್ದ ಕಡೆ ನೀರು ಬಿದ್ದರೆ ಒಳಗೆ ಗಾಳಿ ಹೋಗುವುದಿಲ್ಲ, ಕೊಳದಲ್ಲಿ ಏಳುವ ಗುಳ್ಳೆಯೂ ನಿಲ್ಲುತ್ತದೆ.

"ನಿಂತ್ವು..." ಎಂದಳು ಮೆಲ್ಲಗೆ.

ಅವನು ನಕ್ಕ. ಆ ಜಾಯಿಂಟು ಬಿಚ್ಚಿ, ಸಣಬಿನ ನಾರು ಸುತ್ತಿ, ನಟ್ಟು ಬಿಗಿದು ಹೊರಟುಹೋದ.

ಮತ್ತೆ ಅದೇ ಕಟ್ಟೆ, ಅದೇ ಗೋಡೆ. ಇನ್ನು ಇವನು ಯಾಕೆ ಬರುತ್ತಾನೆ?

ಒಂದು ಮಧ್ಯಾಹ್ನ ಅವಳು ಪಂಪಿನ ಕೋಣೆಗೆ ಹೋಗಿ, ನಟ್ಟು ತಿರುಗಿಸುವ ಪಾನ ಹಿಡಿದು ಆ ನಟ್ಟನ್ನು ತಾನೇ ಸಡಿಲಿಸಿದಳು.

ಉಜ್ಜಿನಪ್ಪ ಬಂದು ಬಿಗಿದ. ಅವಳು ಮತ್ತೆ ಸಡಿಲಿಸಿದಳು. ಬಂದಾಗಲೆಲ್ಲ ಅವನು ಕುರುಗೋಡಿನ ಸುದ್ದಿ ಹೇಳುತ್ತಿದ್ದ, ಒಮ್ಮೆ ಅವಳ ಹೆಸರನ್ನೂ ಕೇಳಿದ. ಅಂಥ ದಿನ ಮಾತ್ರ ತಾನೂ ಬದುಕಿದ್ದೇನೆ ಅನ್ನಿಸುತ್ತಿತ್ತು ಅವಳಿಗೆ.

ಕೊನೆಗೆ ತಿಪ್ಪೇರುದ್ರಪ್ಪ ರೇಗಿದ. ಬೇಕೆಂದೇ ಕೆಲಸ ಕೆಡಿಸಿ ಹೋಗುತ್ತೀಯ, ಬಳ್ಳಾರಿಯಲ್ಲಿ ಯಾರೂ ನಿನಗೆ ಕೆಲಸ ಕೊಡದಂತೆ ಮಾಡುತ್ತೇನೆ ಎಂದು ಹಿತ್ತಲಲ್ಲಿ ಆಳುಗಳೆಲ್ಲರೆದುರು ಬೈದ. ಉಜ್ಜಿನಪ್ಪ ತಲೆ ತಗ್ಗಿಸಿ ನಿಂತ.

ಗುರುಬಸಮ್ಮ ಕಟ್ಟೆಯಿಂದ ಎದ್ದು ಬಂದಳು. ಸುಮ್ಮನಿದ್ದರೆ ಅವನ ಅನ್ನ ಹೋಗುತ್ತದೆ. ಬಾಯಿಬಿಟ್ಟರೆ ಈ ಮನೆಯಲ್ಲೂ ತನಗೆ ಜಾಗವಿಲ್ಲ...

"ನಟ್ಟು ಸಡ್ಲ ಮಾಡಿದಾಕಿ ನಾನು, ಅಣ್ಣ. ಇವ್ರು ಮತ್ತ ಬರ್ಲಿ ಅಂತ."

ತಿಪ್ಪೇರುದ್ರಪ್ಪ ಕುರ್ಚಿಯಲ್ಲಿ ಕುಸಿದ. ಇದು ನಿನಗೆ ಗೊತ್ತಿತ್ತೇನು ಎಂದು ಉಜ್ಜಿನಪ್ಪನನ್ನು ಕೇಳಿದ.

"ಗೊತ್ತಿತ್ರಿ. ನಾ ಬಿಗಿದ ನಟ್ಟು ತಾನ ಸಡ್ಲ ಆಗಂಗಿಲ್ಲ. ಹೇಳಿದ್ರ ಬೈಗುಳ ಇವ್ರಿಗೆ ಬೀಳ್ತಿತ್ತು."

ಅಷ್ಟಕ್ಕೇ ಅವನು ನಿಲ್ಲಿಸಲಿಲ್ಲ. ನೀವು ಒಪ್ಪಿದರೆ ಗುರುಬಸಮ್ಮನನ್ನು ಉಡಿಕಿಯ ಶಾಸ್ತ್ರದಲ್ಲಿ ಮರುಮದುವೆ ಮಾಡಿಕೊಂಡು ಮನೆ ತುಂಬಿಸಿಕೊಳ್ಳುತ್ತೇನೆ ಎಂದ.

ಅಣ್ಣ ತಂಗಿಯನ್ನು ನೋಡಿದ. ಅವಳು ಅಳುತ್ತಿದ್ದಳು, ಆದರೆ ತಲೆ ತಗ್ಗಿಸಿರಲಿಲ್ಲ.

"ಮದುವಿ ಮಾತುಕತಿಗೆ ನಿಮ್ಮವ್ವನ್ನ ಕರ್ಕೊಂಡು ಬಾ" ಎಂದು ಹೇಳಿ, ಆಳುಗಳನ್ನೂ ಕರೆದುಕೊಂಡು ಅವನು ಒಳಗೆ ಹೋದ.

ಹಿತ್ತಲಲ್ಲಿ ಇಬ್ಬರೇ ಉಳಿದರು.

"ನನ್ನಿಂದ ಇಷ್ಟು ಬೈಸ್ಕೊಂಡ್ರಿ. ಸಿಟ್ಟಿಲ್ಲೇನ್ರಿ?"

"ಸಿಟ್ಟಿಲ್ಲ. ಹೆದರಿಕಿ ಇತ್ತು."

"ಯಾತಕ್ಕ?"

"ಒಂದಿನ ಪಂಪು ನೆಟ್ಟಗ ಆಗಿಬಿಟ್ರ, ಏನ್ ನೆಪ ಹೇಳಿ ಬರ್ಲಿ ಅಂತ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ನ ನೆಪ ಬ್ಯಾಡ. ಲಗೂನ ಬರ್ರಿ."