ಮೊದಲ ರೆಕಾರ್ಡಿನ ದನಿ

ಬೀರುವಿನ ಬೀಗ ಹಾಕಿದಂತೆಯೇ ಇತ್ತು. ಒಳಗೆ ರಟ್ಟಿನ ಹೊದಿಕೆಯೂ ತನ್ನ ಜಾಗದಲ್ಲೇ ನಿಂತಿತ್ತು—ಅದರೊಳಗೆ ರೆಕಾರ್ಡು ಮಾತ್ರ ಇರಲಿಲ್ಲ.

ರೆಕಾರ್ಡ್ ಕಂಪನಿಯ ಒಡತಿ ಹೊದಿಕೆಯನ್ನು ತಲೆಕೆಳಗು ಮಾಡಿ ನೋಡಿದಳು. ಕಂಪನಿಯ ಮೊಟ್ಟಮೊದಲ ರೆಕಾರ್ಡು ಅದು. ಹಾಡಿದವಳು ಅವಳ ಅಮ್ಮ. ಮೂಲ ಟೇಪನ್ನು ಅಪ್ಪ ಅಳಿಸಿ ಮುಂದಿನ ಹಾಡಿಗೆ ಬಳಸಿಬಿಟ್ಟಿದ್ದರು. ಹೊಸ ಟೇಪು ಕೊಳ್ಳುವ ಶಕ್ತಿ ಆಗ ಯಾರಿಗಿತ್ತು? ಗೀರು ಬೀಳದ ಪ್ರತಿ ಉಳಿದದ್ದು ಇದೊಂದೇ. ಮರುದಿನ ಅದನ್ನು ಕಾರ್ಖಾನೆಗೆ ಕಳಿಸಿ ಹೊಸ ಪ್ರತಿಗಳನ್ನು ಮಾಡಿಸಬೇಕಿತ್ತು. ಅಮ್ಮ ತೀರಿಕೊಂಡಾಗ ಅವಳಿನ್ನೂ ತೊಟ್ಟಿಲ ಕೂಸು. ಅಮ್ಮ ಎಂದರೆ ಅವಳ ಪಾಲಿಗೆ ಆ ರೆಕಾರ್ಡೇ.

ಪೊಲೀಸರ ಬದಲು ಅವಳು ತನಿಖೆಯಮ್ಮನನ್ನು ಕರೆದಳು. ವಿಮೆ ಕಂಪನಿಯಲ್ಲಿದ್ದು ನಿವೃತ್ತರಾದವರು. ಇಲ್ಲದ ಕಳ್ಳನನ್ನು ಹುಟ್ಟಿಸಿ ಪರಿಹಾರ ಕೇಳುವ ಅಂಗಡಿಯವರನ್ನು ಹಿಡಿಯುವುದರಲ್ಲಿ ಎತ್ತಿದ ಕೈ.

"ಫೋನಲ್ಲಿ ಮಾತಾಡಿದ್ದು ನಿಮ್ಮ ಯಜಮಾನರಾ?" ಬಂದವರೇ ಕೇಳಿದರು.

"ನಾನೇ. ಎಲ್ರೂ ಸರ್ ಅಂತಾನೇ ಅಂತಾರೆ," ಎಂದಳು ಒಡತಿ. "ಅಮ್ಮನದು ಗೆಜ್ಜೆ ದನಿ, ನನ್ನದು ಒಡೆದ ಡೋಲು. ಸ್ಕೂಲಲ್ಲಿ ಒಂದು ಸಲ ಹಾಡಿ ನಗಿಸಿಕೊಂಡೆ. ಅವತ್ತಿಂದ ಹಾಡೋದು ಬಿಟ್ಟೆ. ಈಗ ಬೇರೆಯವರ ಹಾಡು ಮಾರ್ತೀನಿ."

ತನಿಖೆಯಮ್ಮ ಗೋಡೆಯ ಮೇಲಿನ ಹೊದಿಕೆಗಳ ಸಾಲನ್ನು ನೋಡಿದರು. ಅದೇ ಕಂಪನಿಯ ಚರಿತ್ರೆ. ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಶುರುವಾದ ಕಂಪನಿ ಇನ್ನೂ ಅಲ್ಲೇ ಇತ್ತು. ದೊಡ್ಡ ಕಂಪನಿಗಳು ಬೇಡವೆಂದವರೆಲ್ಲ ಈ ಮೆಟ್ಟಿಲು ಹತ್ತಿದ್ದರು—ಲಾರಿ ಚಾಲಕ, ಕಣ್ಣಿಲ್ಲದ ಮೇಷ್ಟ್ರು, ಜೈಲಿನಿಂದ ಬಿಡುಗಡೆಯಾಗಿ ಬಂದವನು. ಕೆಳಗಿನ ಹೊಲಿಗೆ ಯಂತ್ರದ ಸದ್ದು ಎಷ್ಟೋ ರೆಕಾರ್ಡುಗಳಲ್ಲಿ ಸೇರಿಕೊಂಡಿತ್ತು. ವಿಮರ್ಶಕರು ಆ ತಾಳವನ್ನೂ ಹೊಗಳಿದ್ದುಂಟು. ಹೊಸ ಹೊದಿಕೆಗೆಂದು ಒಡತಿ ಈ ಚರಿತ್ರೆಯನ್ನು ಬರೆದಿದ್ದಳು. ಅದರ ಮೊದಲ ಸಾಲು: 'ಎಳೆ ಹುಡುಗಿಯಂಥ ಒಂದು ದನಿಯಿಂದ ಈ ಕಂಪನಿ ಹುಟ್ಟಿತು.'

"ಬೀಗದ ಕೈ ಎಲ್ಲಿರುತ್ತೆ?"

"ಮೇಜಿನ ಡ್ರಾಯರಲ್ಲಿ. ಎಲ್ಲರಿಗೂ ಗೊತ್ತು."

"ನಿನ್ನೆ ಯಾರ್ಯಾರು ಬಂದಿದ್ರು?"

"ಹಳೇ ರೆಕಾರ್ಡು ಕೂಡಿಡೋ ಸಂಗ್ರಾಹಕರು. ನಮ್ಮ ಸೌಂಡ್ ಎಂಜಿನಿಯರ್. ಆಮೇಲೆ ಚಿಕ್ಕಮ್ಮ—ಅಮ್ಮನ ತಂಗಿ. ನನ್ನ ಸಾಕಿದವರು. ಪ್ಯಾಕಿಂಗ್ ಎಲ್ಲ ಅವರದ್ದೇ. ಮೂವರನ್ನೂ ಕರೆಸಿದ್ದೀನಿ, ಇಲ್ಲೇ ಇದ್ದಾರೆ."

ತನಿಖೆಯಮ್ಮ ರೆಕಾರ್ಡ್ ಪ್ಲೇಯರಿನ ಮುಂದೆ ಬಗ್ಗಿದರು. ವೇಗವನ್ನು ಏರಿಸಿ ಇಳಿಸುವ ಸಣ್ಣ ಗುಂಡಿಯೊಂದು ಕೆಳಕ್ಕೆ ಸರಿದಿತ್ತು.

"ಅದನ್ನ ನಾನು ಯಾವಾಗ್ಲೂ ನಡುವೆ ಇಡ್ತೀನಿ," ಎಂದರು ಎಂಜಿನಿಯರ್. "ಧೂಳು ಒರೆಸುವಾಗ ಸರಿದಿರಬೇಕು, ಬಿಡಿ."

ತನಿಖೆಯಮ್ಮ ಪ್ಲೇಯರಿನ ಮೇಲೆ ಬೆರಳಾಡಿಸಿ ತೋರಿಸಿದರು. ಬೆರಳು ಬೂದಿ ಬಣ್ಣಕ್ಕೆ ತಿರುಗಿತ್ತು. "ಒರೆಸಿದ್ದು ಯಾರು?"

ಬೆರಳು ಒರೆಸಿಕೊಂಡು ಅವರು ಸಂಗ್ರಾಹಕರ ಕಡೆ ತಿರುಗಿದರು.

"ಆ ರೆಕಾರ್ಡಿಗಾಗಿ ಇವರ ಬೆನ್ನು ಬಿದ್ದಿದ್ರಂತೆ?"

"ಬಿದ್ದಿದ್ದೆ. ಕೊಡಲ್ಲ ಅಂದ್ರು. ಅಷ್ಟಕ್ಕೆ ಕದ್ದುಬಿಡ್ತೀನಾ?"

"ಆ ದನಿ ಮೊದಲು ಕೇಳಿದ್ದೆಲ್ಲಿ?"

"ರೇಡಿಯೋದಲ್ಲಿ. ಆಗ ಅವರು ಬದುಕಿರಲಿಲ್ಲ."

"ನೀವು?" ಎಂಜಿನಿಯರಿಗೆ ಪ್ರಶ್ನೆ.

"ಕಾರ್ಖಾನೆಯವರ ಕೈಗೆ ಕೊಡೋದು ನನಗೆ ಇಷ್ಟ ಇರಲಿಲ್ಲ, ನಿಜ. ಗೀರು ಹಾಕ್ತಾರೆ ಅಂತ ಜಗಳಾನೂ ಆಡಿದ್ದೆ. ಆದ್ರೆ ಹಾಡಿದವರನ್ನ ನಾನು ನೋಡಿಲ್ಲ. ನಾನು ಸೇರಿದ್ದು ಆಮೇಲೆ."

ಚಿಕ್ಕಮ್ಮ ಡಬ್ಬಕ್ಕೆ ಅಂಟುಪಟ್ಟಿ ಹಚ್ಚುತ್ತ ಕೂತಿದ್ದರು.

"ಅಕ್ಕನ ರೆಕಾರ್ಡು ಹಾಕ್ಕೊಂಡು ಕೇಳ್ತೀರಾ?"

"ಇಲ್ಲ. ಕೇಳೋಕಾಗಲ್ಲ."

"ದುಃಖ ಆಗುತ್ತೆ ಅವರಿಗೆ," ಎಂದಳು ಒಡತಿ. ಚಿಕ್ಕಮ್ಮ ಇನ್ನೊಂದು ಅಂಟುಪಟ್ಟಿ ಹರಿದರು.

"ರೆಕಾರ್ಡ್ ಮಾಡಿದ ದಿನ ಇದ್ರಾ?"

"ಪಕ್ಕದಲ್ಲೇ ಇದ್ದೆ. ಹಾಡೋ ಮುಂಚೆನೇ ಕರೆಂಟ್ ಹೋಯ್ತು. ಬ್ಯಾಟರಿ ಹಾಕಿ ಮುಗಿಸಿದ್ರು."

ತನಿಖೆಯಮ್ಮ ಮತ್ತೆ ಆ ಗುಂಡಿಯನ್ನು ನೋಡಿದರು. ಆಮೇಲೆ ಕೇಳಿದರು, "ಇದೇ ಹಾಡಿನ ಸವೆದ ಪ್ರತಿ ಇದೆಯಾ? ಹಾಕಿ. ಗುಂಡಿ ಮುಟ್ಟಬೇಡಿ."

ಮುಳ್ಳು ಇಳಿಯಿತು. ಕರಕರ ಸದ್ದಿನ ನಡುವೆ ಒಂದು ದನಿ ಎದ್ದಿತು—ಹುಡುಗಿಯದಲ್ಲ. ತುಂಬಿದ, ತಗ್ಗಿದ, ಅವಸರವಿಲ್ಲದ ಹೆಂಗಸಿನ ದನಿ. ಎಂಜಿನಿಯರ್ ಸ್ಪೀಕರಿಗೆ ಕಿವಿ ಹಚ್ಚಿದರು. "ಇಷ್ಟು ವರ್ಷ ನನ್ನ ಕಿವಿಗೆ ಏನಾಗಿತ್ತು?"

"ನಿಮ್ಮ ಕಿವಿ ತಪ್ಪಲ್ಲ," ಎಂದರು ತನಿಖೆಯಮ್ಮ. "ಬ್ಯಾಟರಿ ಸೋತಿತ್ತು, ಯಂತ್ರ ನಿಧಾನವಾಗಿ ಓಡ್ತು. ಹಾಗೆ ಹಿಡಿದಿದ್ದನ್ನ ಮಾಮೂಲಿ ವೇಗದಲ್ಲಿ ಹಾಕಿದ್ರೆ ದನಿ ಏರುತ್ತೆ. ಜೊತೆಗೆ ವಾದ್ಯ ಇಲ್ಲ, ಬರೀ ಹಾಡು—ಗೊತ್ತಾಗೋದು ಹೇಗೆ? ತಗೊಂಡವರು ಹೋಗೋ ಮುಂಚೆ ಒಂದು ಸಲ ಕೇಳಿದ್ದಾರೆ, ಅದೂ ವೇಗ ಇಳಿಸಿ. ಗೀರು ಹುಡುಕೋ ಸಂಗ್ರಾಹಕರು ಯಾಕೆ ಇಳಿಸ್ತಾರೆ? ಎಂಜಿನಿಯರ್ ಯಾಕೆ ಇಳಿಸ್ತಾರೆ? ಇವರಿಬ್ಬರಿಗೂ ರೆಕಾರ್ಡಿನ ದನಿಯೇ ನಿಜವಾದ ದನಿ. ಅದು ತಪ್ಪು ಅಂತ ಅನ್ನಿಸೋದು ಆಕೆ ಬದುಕಿದ್ದಾಗ ಕೇಳಿದವರಿಗೆ ಮಾತ್ರ."

ಎಲ್ಲರೂ ಚಿಕ್ಕಮ್ಮನನ್ನು ನೋಡಿದರು. ಅವರು ಎದ್ದುಹೋಗಿ, ಕಟ್ಟಿಟ್ಟ ಡಬ್ಬಗಳ ಸಾಲಿನ ಕೊನೆಯದನ್ನು ಬಿಚ್ಚಿ, ರೆಕಾರ್ಡನ್ನು ಮೇಜಿನ ಮೇಲಿಟ್ಟರು.

"ನಿಮ್ಮಪ್ಪನಿಗೆ ಆಗಲೇ ಹೇಳಿದ್ದೆ, ಭಾವಾ, ಇದು ಅಕ್ಕ ಅಲ್ಲ ಅಂತ. ಜನಕ್ಕೆ ಇದೇ ಹಿಡಿಸಿದೆ, ಸುಮ್ಮನಿರು ಅಂದ್ರು. ಸುಮ್ಮನಿದ್ದೆ. ನಾಳೆ ಮತ್ತೆ ಊರೂರಿಗೆ ಇನ್ಯಾರನ್ನೋ ಅಕ್ಕ ಅಂತ ಕಳಿಸ್ತಿದ್ರಿ. ತಡೆಯೋಕೆ ಆಗಲಿಲ್ಲ."

"ನನಗೆ ಯಾಕೆ ಹೇಳಲಿಲ್ಲ, ಚಿಕ್ಕಮ್ಮ?" ಒಡತಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

"ನಿನಗೆ ಅಮ್ಮ ಅಂತ ಇದ್ದದ್ದೇ ಅದೊಂದು ರೆಕಾರ್ಡು. ಅದೂ ಸುಳ್ಳು ಅಂತ ಯಾವ ಬಾಯಲ್ಲಿ ಹೇಳಲಿ?"

ಹಾಡು ಮುಗಿಯಿತು. ಮುಳ್ಳು ಎತ್ತುವಷ್ಟರಲ್ಲಿ ಫೋನು ರಿಂಗಾಯಿತು. ಒಡತಿ ಎತ್ತಿದಳು.

"ಸರ್, ಕಾರ್ಖಾನೆಯಿಂದ. ರೆಕಾರ್ಡು ನಾಳೆ ಬರುತ್ತಲ್ವಾ?"

"ಬರುತ್ತೆ," ಎಂದಳು ಅವಳು. "ಆದ್ರೆ ವೇಗ ಇಳಿಸಬೇಕು. ಎಷ್ಟು ಅಂತ ನಮ್ಮ ಚಿಕ್ಕಮ್ಮ ಅಲ್ಲಿಗೇ ಬಂದು ಹೇಳ್ತಾರೆ. ಹೊದಿಕೆಯ ಮೊದಲ ಸಾಲೂ ಬದಲಾಗುತ್ತೆ."

ಅವಳು ಫೋನು ಇಟ್ಟಳು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡು ನಿಂತಿದ್ದರು.

"ಇನ್ನೊಂದು ಸಲ ಮಾತಾಡೇ," ಎಂದರು. "ಅಕ್ಕನ ದನಿ ಕೇಳಿದ ಹಾಗಾಯ್ತು. ಏನಾದರೂ ಮಾತಾಡು."